ಬಂಗಾರ, ಭಂಗಾರ

ಬೀದರ ಸೀಮೆಗೆ ಹೊಸದಾಗಿ ಬಂದವರು ಒಂದು ಮಾತಿನಲ್ಲಿ ಎಡವುತ್ತಾರೆ. ಇಲ್ಲಿ ಬಂಗಾರ ಬೇರೆ, ಭಂಗಾರ ಬೇರೆ. ಮೊದಲನೆಯದು ಸರಾಫನ ಅಂಗಡಿಯದು, ತೊಲದ ಲೆಕ್ಕ. ಎರಡನೆಯದು ಮರಾಠಿಯಿಂದ ದಾಟಿ ಬಂದದ್ದು. ತುಕ್ಕು ಹಿಡಿದ ಕಬ್ಬಿಣ, ತೂತು ಬಿದ್ದ ಕೊಡ, ಮುರಿದ ಕುರ್ಚಿ, ಎಲ್ಲ ಕಿಲೋ ಲೆಕ್ಕ. ಬೆಂಗಳೂರಿನವರು ಇದನ್ನೇ ಗುಜರಿ ಎನ್ನುತ್ತಾರೆ. ಎರಡರ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ, ಅದನ್ನೂ ನಮ್ಮ ಮಂದಿ ಉಸಿರು ಉಳಿಸಲು ಆಗಾಗ ಬಿಟ್ಟುಬಿಡುತ್ತಾರೆ.

ಎರಡು ವರ್ಷದ ಹಿಂದೆ ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಮನೆಯಲ್ಲಿ ಈ ಎರಡು ಮಾತು ಎದುರುಬದುರು ನಿಂತವು. ದನದ ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ, ಮುತ್ಯಾನ, ಅಂದರೆ ಅಜ್ಜನ, ರಾಜದೂತ್ ಮೋಟಾರ್‌ಸೈಕಲ್ಲು ನಿಂತಿತ್ತು. 1974ರ ನೋಂದಣಿ. ಭಂಗಾರದವನು ಕೈಗಾಡಿ ತಳ್ಳಿಕೊಂಡು ಬಂದ ದಿನ ನನ್ನ ತಮ್ಮ ಅದರ ಮೇಲಿನ ಗೋಣಿಚೀಲ ಸರಿಸಿ ತೋರಿಸಿದ. ಅದೇ ವಾರ ಪುಣೆಯಲ್ಲಿರುವ ಕಾಕಾನ ಮಗ ಫೋನು ಮಾಡಿದ: "ಕೊಡಬ್ಯಾಡ್ರಿ ಅಣ್ಣಾ. ಇಲ್ಲಿ ಹಿಂತಾ ಗಾಡಿಗೆ ಬಂಗಾರದ ಬೆಲಿ ಅದ. ಒರಿಜಿನಲ್ ಮಾಡಿಸಿ ಇಡೋಣು." ಮನೆ ಎರಡು ಪಕ್ಷವಾಯಿತು. ತೂಕಕ್ಕೆ ಹಾಕಿ ಕೊಟ್ಟಿಗೆ ಖಾಲಿ ಮಾಡಬೇಕು ಎನ್ನುವವರು ಒಂದು ಕಡೆ, ಬಣ್ಣ ಬಳಿಸಿ ಕ್ರೋಮ್ ಹೊಳೆಸಿ ಅಂಗಳದಲ್ಲಿ ನಿಲ್ಲಿಸಬೇಕು ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಪಕ್ಷ ಒಂದೇ ತಪ್ಪು ಮಾಡುತ್ತಿವೆ ಅನ್ನಿಸಿತು. ಇಬ್ಬರೂ ಅದನ್ನು ಲೋಹವಾಗಿ ನೋಡುತ್ತಿದ್ದರು, ದರದಲ್ಲಿ ಮಾತ್ರ ಜಗಳ.

ಒರಿಜಿನಲ್ ಎಂಬ ಮಾತಿಗೆ ಈಗ ಕಾನೂನಿನ ಬಲವೂ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ 1989ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ವಿಂಟೇಜ್ ವಾಹನ ಅಂದರೆ ಯಾವುದು ಎಂದು ಮೊದಲ ಸಲ ಹೇಳಿತು. ದ್ವಿಚಕ್ರವೋ ನಾಲ್ಕು ಚಕ್ರವೋ ಆಗಿರಬೇಕು, ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗಿರಬಾರದು. ಹೀಗಿದ್ದರೆ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ' ಎಂದು ಬರೆಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ಆಮೇಲಿನದಕ್ಕೆ 5,000. ಆದರೆ ದಿನನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ.

ನಮ್ಮ ರಾಜದೂತ್ ವಯಸ್ಸಿನಲ್ಲಿ ಪಾಸು, ರೂಪದಲ್ಲಿ ನಾಪಾಸು. ನಾಪಾಸಾದ ಆ ಭಾಗಗಳಲ್ಲೇ ಅದರ ಕತೆ ಇದೆ ಎನ್ನುವುದು ನನ್ನ ವಾದ.

ಹಿಂದಿನ ಮಡ್‌ಗಾರ್ಡನ್ನೇ ನೋಡಿ. ಕೆಳಗಿನ ಒಂದು ಗೇಣು ಕತ್ತರಿಸಿ ತೆಗೆದಿದ್ದಾರೆ. ಬೀದರ ಶಹರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ, ಅಲ್ಲಿ ಮಳೆ ಬಂದರೂ ತಾಸಿನಲ್ಲಿ ನೆಲ ಗಟ್ಟಿ. ಅಲ್ಲಿಂದ ಇಳಿದು ಭಾಲ್ಕಿ, ಔರಾದ ಕಡೆ ಬಂದರೆ ಎರೆ ಭೂಮಿ. ಮೃಗಶಿರ, ಆರಿದ್ರ ಮಳೆ ಹಿಡಿದ ಮೇಲೆ ಆ ಕಪ್ಪು ಮಣ್ಣು ಗಾಲಿಗೆ ಅಂಟಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನು ತಿರುಗಗೊಡದೆ ಹಿಡಿದುಬಿಡುತ್ತಿತ್ತು. ನೂರು ಹೆಜ್ಜೆಗೊಮ್ಮೆ ಇಳಿದು ಜಾಲಿಯ ಕಟ್ಟಿಗೆಯಿಂದ ಮಣ್ಣು ಕೆದರಬೇಕು. ಒಂದು ಮಳೆಗಾಲ ಅನುಭವಿಸಿದ ಮುತ್ಯಾ ಎರಡನೆಯದಕ್ಕೆ ಮೊದಲೇ ಅದನ್ನು ಕೊಯ್ಸಿದ. ಫರೀದಾಬಾದಿನ ಕಾರ್ಖಾನೆಯವರಿಗೆ ನಮ್ಮ ಎರೆ ಮಣ್ಣಿನ ಸುದ್ದಿ ಗೊತ್ತಿರಬೇಕಿರಲಿಲ್ಲ. ಅವರ ಗಾಡಿಯೇ ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಎಂಬ ಮೋಟಾರ್‌ಸೈಕಲ್ಲಿನ ಪಡಿಯಚ್ಚು, 1962ರಿಂದ ಎಸ್ಕಾರ್ಟ್ಸ್‌ನವರು ಇಲ್ಲಿ ತಯಾರಿಸತೊಡಗಿದ್ದು. ಪೋಲೆಂಡಿನ ಹಳ್ಳಿರಸ್ತೆಗೆ ಹೊಲಿದ ಅಂಗಿಯನ್ನು ಭಾಲ್ಕಿಯ ಮೈಗೆ ತಕ್ಕಂತೆ ಕತ್ತರಿಸಿದ ಗುರುತು ಅದು.

ಹಿಂದುಗಡೆಯ ಕ್ಯಾರಿಯರ್ ಊರ ಕಮ್ಮಾರ ಮಾಡಿದ್ದು. ಹಾಲಿನ ಕ್ಯಾನು ಎರಡು ಬದಿ ತೂಗಬೇಕು, ಸುಗ್ಗಿಯಲ್ಲಿ ತೊಗರಿ ಚೀಲ ಭಾಲ್ಕಿ ಗಂಜ್‌ಗೆ ಹೋಗಬೇಕು. ಅದಕ್ಕಾಗಿ ಫ್ರೇಮಿಗೆ ಇನ್ನೊಂದು ಕಬ್ಬಿಣದ ಪೈಪು ವೆಲ್ಡ್ ಮಾಡಿಸಿದ್ದಾರೆ. ನಿಯಮದ ಕಣ್ಣಿನಲ್ಲಿ ಇದು ಚಾಸಿಯ ಮಾರ್ಪಾಡು, ಅನರ್ಹ. ಎಂಜಿನ್ನಿನ ಬೋರ್ ಮೂರು ಸಲ ಹೊಡೆಸಿದೆ, ಅರ್ಧ ಭಾಗ ಯಾವುದೋ ಬೇರೆ ಗಾಡಿಯದು. ಗಾಡಿಯ ತಪ್ಪಿಲ್ಲ, ಹೊತ್ತ ಹೊರೆಯ ಮುಂದೆ ಯಾವ ಕಬ್ಬಿಣವೂ ಅಷ್ಟೇ. ಹ್ಯಾಂಡಲ್ ಬುಲೆಟ್ಟಿನದು. ಅದು ಹೇಗೆ ಬಂತು ಎಂಬುದಕ್ಕೆ ನಮ್ಮ ಮನೆಯಲ್ಲಿ ನಾಲ್ಕು ಕತೆಗಳಿವೆ, ನಾಲ್ಕೂ ಸುಳ್ಳಿರಬಹುದು.

ಇದನ್ನೆಲ್ಲ ಬಿಚ್ಚಿ ಎಸೆದು, ದಿಲ್ಲಿಯಿಂದ ಹೊಸ ತಗಡು ತರಿಸಿ, ಕಾರ್ಖಾನೆಯಿಂದ ಇಳಿದ ದಿನ ಹೇಗಿತ್ತೋ ಹಾಗೆ ಮಾಡಿದರೆ ಉಳಿಯುವುದೇನು? ಮುತ್ಯಾ ಇನ್ನೂ ಕೊಳ್ಳದ ರಾಜದೂತ್. ನಮ್ಮ ಮನೆಗೆ ಇನ್ನೂ ಬಂದಿರದ ಗಾಡಿ.

ಮೂಲರೂಪ ಕೆಡದೆ ಉಳಿದ ಗಾಡಿ ನೋಡಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅದಕ್ಕೆ ಆರ್ಡರು ಕೊಟ್ಟು 1911ರಲ್ಲಿ ತೀರಿಕೊಂಡರು, ಗಾಡಿ ಮಗನ ಕಾಲಕ್ಕೆ ಬಂತು. ಒಳಗೆ ಸಿಂಹಾಸನದಂಥ ಆಸನ. ಅಷ್ಟು ದೀರ್ಘ ಆಯುಷ್ಯದಲ್ಲಿ ಅದು ಓಡಿದ್ದು ಕೆಲವೇ ನೂರು ಮೈಲಿ. ಬಂಗಾರವೇ ಸರಿ, ಆದರೆ ಅದಕ್ಕೆ ನೆನಪು ಎಲ್ಲಿಂದ ಬರಬೇಕು? ಅದನ್ನು ಯಾರೂ ತಳ್ಳಲಿಲ್ಲ, ಅದರ ಮೇಲೆ ಯಾರೂ ಹೆರಿಗೆಗೆ ಹೋಗಲಿಲ್ಲ. ಏಳನೆಯ ನಿಜಾಮರು, ಆ ಕಾಲದ ಜಗತ್ತಿನ ಅತಿ ಶ್ರೀಮಂತ ಎನ್ನಿಸಿಕೊಂಡವರು, ಹಳೆಯದೊಂದು ಫೋರ್ಡಿನಲ್ಲೇ ತಿರುಗುತ್ತಿದ್ದರಂತೆ. ಅವರ ಜಿಪುಣತನದ ಕತೆಗಳಲ್ಲಿ ಬರುವುದು ಆ ಫೋರ್ಡೇ, ರೋಲ್ಸ್ ರಾಯ್ಸ್ ಅಲ್ಲ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಾಲು ನೋಡಿ ಸಂತೋಷಪಟ್ಟಿದ್ದೇನೆ. ಅಂಥ ಸಂಗ್ರಹ ಬೇಕು. ಕಾರ್ಖಾನೆಯ ಕೈಚಳಕ ಹೇಗಿತ್ತೆಂದು ಮುಂದಿನವರು ನೋಡಬೇಕಲ್ಲ. ಆದರೆ ಅಲ್ಲಿನ ಅಳತೆಗೋಲನ್ನು ಮನೆಯ ಕೊಟ್ಟಿಗೆಗೆ ತಂದರೆ ಎಡವಟ್ಟು. ಗಾಡಿ ಮೂಲರೂಪದಲ್ಲಿ ಉಳಿಯಬೇಕಾದರೆ ಅದು ಹೆಚ್ಚು ದುಡಿದಿರಬಾರದು. ಹೆಚ್ಚು ದುಡಿಯದ ಗಾಡಿ ಇಟ್ಟುಕೊಳ್ಳಲು ಮನೆಯಲ್ಲಿ ಇನ್ನೊಂದು ಗಾಡಿ ಬೇಕು. ಹಾಗಾಗಿ ನಿಯಮ ಗೊತ್ತಿಲ್ಲದೆಯೇ ಸಿರಿವಂತರ ನೆನಪಿಗೆ ಮಾತ್ರ ನಂಬರು ಕೊಡುತ್ತದೆ.

ನಮ್ಮ ಜಿಲ್ಲೆಯಲ್ಲಂತೂ ಮೋಟಾರಿನ ನೆನಪು ಶುರುವಾಗುವುದೇ ಒಡೆತನದಿಂದಲ್ಲ. ರೈಲು ಬಂದದ್ದು 1930ರ ಸುಮಾರಿಗೆ, ವಿಕಾರಾಬಾದಿನಿಂದ ಬೀದರಕ್ಕೆ, ಆಮೇಲೆ ಭಾಲ್ಕಿ ದಾಟಿ ಪರಳಿಗೆ. 1932ರ ಜೂನಿನಲ್ಲಿ ನಿಜಾಮ ಸರ್ಕಾರದ ರೈಲ್ವೆ ಇಲಾಖೆ 27 ಬಸ್ಸು, 166 ಜನ ನೌಕರರೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಸರ್ಕಾರವೇ ಬಸ್ಸು ಓಡಿಸುವುದು ದೇಶಕ್ಕೆ ಹೊಸದು. ಆ ಕಾಲದ ಒಂದು ಆಲ್ಬಿಯನ್ ಬಸ್ಸು ಹೈದರಾಬಾದಿನ ಬಸ್ ಭವನದಲ್ಲಿ ಈಗಲೂ ನಿಂತಿದೆ. ಹೈದರಾಬಾದ್ ಕಡೆಯ ಸಾರಿಗೆ ಬಸ್ಸುಗಳ ನಂಬರಿನಲ್ಲಿ 'ಝಡ್' ಅಕ್ಷರ ಇಂದಿಗೂ ಇರುತ್ತದೆ, ಬೀದರ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ದಿನಾ ಕಾಣಬಹುದು. ಅದು ನಿಜಾಮರ ತಾಯಿ ಝೆಹ್ರಾ ಬೇಗಂ ಅವರ ನೆನಪಿಗೆ ಎಂಬ ಮಾತು ಅಲ್ಲಿ ಜನಜನಿತ. ನಿಜವೋ ಕತೆಯೋ, ಗಾಡಿಯ ನಂಬರಿನಲ್ಲಿ ತಾಯಿಯೊಬ್ಬಳ ಹೆಸರು ಕೂತಿದೆ ಎಂದು ಜನ ನಂಬಿಕೊಂಡಿರುವುದು ನನಗೆ ಹಿಡಿಸುತ್ತದೆ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹಳ್ಳಿಯವರಿಗೆ ಮೋಟಾರು ಅಂದರೆ ಬಸ್ಸು, ಜೀಪು ಅಂದರೆ ಸರ್ಕಾರ. ಫಟಫಟಿ ಅಂದರೆ ಮಾಸ್ತರರೋ ಡಾಕ್ಟರರೋ. ರಾಜ್ಯದ ಆ ತುದಿಯಲ್ಲಿ, ಮೈಸೂರಿನಲ್ಲಿ, 1961ರಿಂದ ಜಾವಾ ತಯಾರಾಗುತ್ತಿತ್ತು. ಕಿಕ್ ಹೊಡೆಯುವ ಸರಳನ್ನೇ ಮುಂದಕ್ಕೆ ಮಡಚಿದರೆ ಗೇರು ಆಗುವ ಆ ಚತುರ ಗಾಡಿಯನ್ನು ನೋಡಲು ಜನ ಸೇರುತ್ತಿದ್ದರಂತೆ. ಕನ್ನಡ ನಾಡು ಒಂದಾದದ್ದಕ್ಕೆ ನಮ್ಮ ಕಡೆಯವರ ಕಣ್ಣಿಗೆ ಬಿದ್ದ ಪುರಾವೆಗಳಲ್ಲಿ ಅದೂ ಒಂದು ಎಂದು ಕಾಕಾ ಈಗಲೂ ಹೇಳುತ್ತಾನೆ. ತಮಾಷೆಗೆ ಹೇಳುತ್ತಾನೋ ಖರೇ ಹೇಳುತ್ತಾನೋ ತಿಳಿಯದು.

ಕಾರು ನಮ್ಮ ಮನೆತನದ ನೆನಪಿನಲ್ಲಿ ಮದುವೆಗೆ ಬಾಡಿಗೆ ತಂದ ಅಂಬಾಸಿಡರ್ ಮಾತ್ರ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹೂವು ಕಟ್ಟಿದ್ದರು, ಹನ್ನೊಂದು ಜನ ಕೂತಿದ್ದರು.

ಮಿಸ್ತ್ರಿಗಳದು ಬೇರೆಯೇ ಪ್ರಕರಣ. ಭಾಲ್ಕಿಯಲ್ಲಿ ಮುತ್ಯಾನ ಗಾಡಿ ನೋಡುತ್ತಿದ್ದವರನ್ನು ನಾವೆಲ್ಲ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಬೇವಿನ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ, ಅದೇ ಗ್ಯಾರೇಜು. ಟೂ ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯಲ್ಲಿ ಕವಾಟಗಳ ಗೋಜಿಲ್ಲ. ಪಿಸ್ಟನ್ನು, ಕನೆಕ್ಟಿಂಗ್ ರಾಡು, ಕ್ರ್ಯಾಂಕು, ಅಷ್ಟೇ. ಪೆಟ್ರೋಲಿನ ಜೊತೆಯೇ ಎಣ್ಣೆ ಬೆರೆಸಿ ಹಾಕಬೇಕು, ಆ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಸೈಲೆನ್ಸರಿನ ದಾರಿ ಮುಚ್ಚಿಕೊಂಡಿತೆಂದರೆ ಗಾಡಿ ದಮ್ಮು ಹತ್ತಿದ ಮುದುಕನ ಹಾಗೆ ಏದುಸಿರು ಬಿಡುತ್ತದೆ. ಆಗ ಉಸ್ತಾದ್ ಸೈಲೆನ್ಸರ್ ಬಿಚ್ಚಿ ಕುಳ್ಳಿನ ಬೆಂಕಿಗೆ ಹಾಕಿ ಕೆಂಪಗೆ ಕಾಯಿಸಿ ಕರಿ ಉದುರಿಸುತ್ತಿದ್ದರು. ಒಂದೆರಡು ಪಾನಾ, ಒಂದು ಪೇಚಕಸ್ ಇದ್ದರೆ ಎಂಜಿನ್ ಬಿಚ್ಚಿ ಹಾಸಿದ ಪಟಗದ ಮೇಲೆ ಹರಡಬಹುದಿತ್ತು. ಸಾಮಾನು ಬೇಕಾದರೆ ಸಿಕಂದರಾಬಾದಿನ ರಾಣಿಗಂಜ್, ಹೋಗಿ ಬರುವುದಕ್ಕೆ ಒಂದು ದಿನ, ಒಂದು ರಾತ್ರಿ. ಅಷ್ಟು ಪುರಸೊತ್ತು ಇಲ್ಲದ ಕಾರಣ ಇದ್ದದ್ದರಲ್ಲೇ ಕೂಡಿಸುತ್ತಿದ್ದರು.

ಉಸ್ತಾದ್ ಲೆಕ್ಕ ಹಾಕುವುದು ಉರ್ದುವಿನಲ್ಲಿ, ಉದಗೀರದ ಗಿರಾಕಿಯೊಂದಿಗೆ ಮರಾಠಿ, ಪಾನಾ ಎಸೆದು ಹುಡುಗನನ್ನು ಬೈಯುವುದು ಶುದ್ಧ ಕನ್ನಡದಲ್ಲಿ. ಅವರು ಕೂಡಿಸಿದ ಗಾಡಿಯೂ ಹಾಗೇ ಇತ್ತು, ಟಾಕಿಯ ಮೇಲೆ ಒಂದು ಕಂಪನಿಯ ಹೆಸರು, ಒಳಗೆ ಇನ್ನೊಂದರ ಜೀವ. ನಮ್ಮ ಭಾಲ್ಕಿಗೆ ಇದು ಹೊಸದಲ್ಲ ಬಿಡಿ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಆ ಬೋರ್ಡನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ, ಅದು ಆ ಶಾಲೆ ಬದುಕಿದ ರೀತಿ.

ಇಷ್ಟಕ್ಕೆ ಪುಣೆಯ ತಮ್ಮ ಒಂದು ಗಟ್ಟಿ ಆಕ್ಷೇಪ ಎತ್ತಿದ. "ಅಣ್ಣಾ, ನೀ ಬಡತನಾನ ಹಾಡಿ ಹೊಗಳ್ಲಿಕತ್ತಿ. ದುಡ್ಡಿದ್ರ ಮುತ್ಯಾ ಹೊಸ ಸಾಮಾನೇ ಹಾಕಿಸ್ತಿದ್ದ." ಮಾತು ಸುಳ್ಳಲ್ಲ. ನನ್ನ ಅಪ್ಪನಿಗೆ ಆ ಗಾಡಿಯ ಮೇಲೆ ಪ್ರೀತಿಯೇ ಇರಲಿಲ್ಲ. ಹೀರೋ ಹೋಂಡಾ ಮನೆಗೆ ಬಂದ ದಿನ ಅಪ್ಪ ಮಗುವಿನ ಹಾಗೆ ನಕ್ಕದ್ದನ್ನು ನೋಡಿದ್ದೇನೆ. ಪೆಟ್ರೋಲು ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಎಂದು ಅದರ ಜಾಹೀರಾತೇ ಹೇಳುತ್ತಿತ್ತು, ನಾವೂ ವಿಧೇಯರಾಗಿ ಮರೆತೆವು. ಆ ಗಾಡಿ ಹದಿನೆಂಟು ವರ್ಷ ಓಡಿತು. ಅದರ ಬಗ್ಗೆ ಮನೆಯಲ್ಲಿ ಒಂದು ಕತೆಯೂ ಇಲ್ಲ. ಕತೆ ಇಲ್ಲದಿರುವುದು ಸುಖದ ಲಕ್ಷಣ ಎಂದರೆ ಒಪ್ಪುತ್ತೇನೆ. ರಾಜದೂತ್ ಮರಳಿ ರಸ್ತೆಗಿಳಿಯಲಿ ಎಂದು ನಾನು ಹೇಳುತ್ತಿಲ್ಲ. ಟೂ ಸ್ಟ್ರೋಕಿನ ನೀಲಿ ಹೊಗೆಗೆ 1996ರ, 2000ದ ನಿಯಮಗಳು ಕಡಿವಾಣ ಹಾಕಿದ್ದು ಸರಿಯೇ. ಆ ಹೊಗೆಯ ವಾಸನೆ ಇಷ್ಟ ಎನ್ನುವವರು ಅದರ ಹಿಂದೆ ಟಂಟಂನಲ್ಲಿ ಕೂತು ಔರಾದದವರೆಗೆ ಹೋದವರಲ್ಲ.

ಕಾನೂನಿಗೂ ಒಂದು ಗೆರೆ ಬೇಕು. ಇಲ್ಲದಿದ್ದರೆ ಹಳೆಯ ಪ್ಲೇಟೊಂದು ಸಿಕ್ಕವನು ಹೊಸ ಕಬ್ಬಿಣ ಜೋಡಿಸಿ ವಿಂಟೇಜ್ ಎಂದು ಮಾರುತ್ತಾನೆ. ಆದರೆ ಹಳೆಯ ಕಟ್ಟಡದ ವಿಷಯದಲ್ಲಿ ನಾವು ಇಷ್ಟು ಒರಟಾಗಿ ಯೋಚಿಸುವುದಿಲ್ಲ. ಬೀದರದ ಮಹಮೂದ್ ಗವಾನ್ ಮದರಸಾಕ್ಕೆ ಹೋಗಿ ನಿಲ್ಲಿ. 1472ರಲ್ಲಿ ಕಟ್ಟಿದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದು ಸ್ಫೋಟಿಸಿ ಮುಂಭಾಗ ಕುಸಿಯಿತು. ಎರಡು ಮಿನಾರಿನಲ್ಲಿ ಒಂದೇ ಉಳಿದಿದೆ, ಬಿದ್ದುದರ ಜಾಗದಲ್ಲಿ ಹೊಸ ಮಿನಾರು ಎದ್ದಿಲ್ಲ. ಪ್ರವಾಸಿಗರು ಆ ಖಾಲಿಯನ್ನೂ ನೋಡುತ್ತಾರೆ. ಮೂಲರೂಪ ಇಲ್ಲ ಎಂದು ಅದನ್ನು ಸ್ಮಾರಕಗಳ ಪಟ್ಟಿಯಿಂದ ಯಾರೂ ಹೊಡೆದುಹಾಕಿಲ್ಲ. ಇದ್ದುದನ್ನು ಇದ್ದ ಹಾಗೆ ಕಾಯುವುದೂ ಮತ್ತೆ ಮೊದಲಿನಂತೆ ಮಾಡುವುದೂ ಬೇರೆ ಬೇರೆ ಕೆಲಸ ಎಂದು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಟ್ಯೂರಿನ್ ಸನ್ನದಿನಲ್ಲಿ ಬೇರ್ಪಡಿಸಿ ಹೇಳಿದೆ. ಕಟ್ಟಡಗಳಿಗಾಗಿ 1964ರಲ್ಲಿ ವೆನಿಸ್‌ನಲ್ಲಿ ಬರೆದ ಸನ್ನದೇ ಅದಕ್ಕೆ ಮೇಲ್ಪಂಕ್ತಿ. ನಮ್ಮ ನಿಯಮವೂ, ದುಡಿದು ಬದಲಾದ ಗಾಡಿಗಳಿಗೆ, ಬದಲಾದದ್ದು ಯಾವಾಗ, ಯಾಕೆ ಎಂದು ಬರೆದುಕೊಟ್ಟರೆ, ಇನ್ನೊಂದು ದರ್ಜೆ ಕೊಡಬಹುದು. ಅಷ್ಟು ಬರೆಯುವುದಕ್ಕಾಗಿಯಾದರೂ ಮನೆಯವರು ಕೂತು ಮಾತಾಡುತ್ತಾರೆ.

ಕೂತು ಮಾತಾಡಿದಾಗಲೇ ನನಗೆ ಗೊತ್ತಾದದ್ದು, ನಮ್ಮ ಮನೆಯ ಗಾಡಿಯ ಕತೆ ಹೇಳಿದವರೆಲ್ಲ ಅದನ್ನು ಓಡಿಸಿದವರು. ಅಂದರೆ ಗಂಡಸರು. ಹಿಂದೆ ಕೂತವರನ್ನು, ತಳ್ಳಿದವರನ್ನು, ರಾತ್ರಿ ಫಟಫಟಿಯ ಸಪ್ಪಳಕ್ಕೆ ಕಿವಿಗೊಟ್ಟು ಅನ್ನ ಬಿಸಿ ಇಟ್ಟವರನ್ನು ಯಾರೂ ಕೇಳಿರಲಿಲ್ಲ. 1972ರ ಬರ ದಾಟಿದ ಮೇಲೆ, ಒಳ್ಳೆಯ ತೊಗರಿ ಬೆಳೆಯ ರೊಕ್ಕದಲ್ಲಿ ಮುತ್ಯಾ ಗಾಡಿ ತಂದ ಎಂಬುದು ಅಪ್ಪ, ಕಾಕಾ ಇಬ್ಬರೂ ಹೇಳುವ ಕತೆ. ಔರಾದದ ಹತ್ತಿರ ಕೊಟ್ಟಿರುವ ನಮ್ಮ ದೊಡ್ಡ ಅತ್ತಿ ಅದನ್ನು ಕೇಳಿ ನಕ್ಕುಬಿಟ್ಟಳು. ತೊಗರಿಯ ರೊಕ್ಕ ಅರ್ಧಕ್ಕೂ ಸಾಲಲಿಲ್ಲವಂತೆ. ಆಯಿಯ, ಅಂದರೆ ಅಜ್ಜಿಯ, ಬಂಗಾರದ ಬೋರಮಾಳ ಸರ ಸರಾಫನ ಅಂಗಡಿಗೆ ಹೋಯಿತು. ಅದು ಅತ್ತಿಯ ಮದುವೆಗೆ ಎಂದು ಎತ್ತಿಟ್ಟದ್ದು.

ಬಂಗಾರ ಹೋಗಿ ಗಾಡಿ ಬಂತು, ಗಾಡಿ ಈಗ ಭಂಗಾರಕ್ಕೆ ಹೊರಟಿದೆ. ಐವತ್ತು ವರ್ಷ ಈ ಲೆಕ್ಕ ಯಾರ ಬಾಯಲ್ಲೂ ಬಂದಿರಲಿಲ್ಲ.

ನಮ್ಮ ಜಿಲ್ಲೆಯ ಮೋಟಾರ್‌ಸೈಕಲ್ಲಿನ ಇತಿಹಾಸ ಬರೆಯುವವರು ಈ ಬಾಗಿಲಿನಿಂದಲೇ ಒಳಗೆ ಬರಬೇಕು. 1961ರಲ್ಲೇ ವರದಕ್ಷಿಣೆ ನಿಷೇಧದ ಕಾಯ್ದೆ ಬಂದಿದೆ. ಆದರೂ ಹುಂಡಾದ ಮಾತುಕತೆಯಲ್ಲಿ "ಇಷ್ಟು ತೊಲಿ, ಒಂದು ಗಾಡಿ" ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ಗಾಡಿ ಅಳಿಯನ ಹೆಸರಿಗೆ ನೋಂದಣಿಯಾಗುತ್ತದೆ. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು, ಚಾಸಿ ನಂಬರು, ಮಾಲೀಕನ ಹೆಸರು, ಅವನ ತಂದೆಯ ಹೆಸರು, ಸಾಲ ಕೊಟ್ಟವರ ಹೆಸರು, ಎಲ್ಲಕ್ಕೂ ಜಾಗ ಇದೆ. ಯಾರ ಕೊರಳಿನದು ಕರಗಿತು ಎಂಬುದಕ್ಕೆ ಕಾಲಂ ಇಲ್ಲ. ಝೆಹ್ರಾ ಬೇಗಂ ಕತೆ ನನಗೆ ಹಿಡಿಸುವುದು ಇದಕ್ಕೇ.

ಹಾಗಾಗಿ ಗಾಡಿಗೆ ಬಣ್ಣ ಬಳಿಸುವ ಮೊದಲು ಒಂದು ನೋಟ್‌ಬುಕ್ ಕೊಂಡೆ. ಕತ್ತರಿಸಿದ ಮಡ್‌ಗಾರ್ಡು, ವೆಲ್ಡ್ ಮಾಡಿದ ಪೈಪು, ಬುಲೆಟ್ಟಿನ ಹ್ಯಾಂಡಲ್ಲಿನ ನಾಲ್ಕೂ ಕತೆ, ಬೋರಮಾಳ, ಎಲ್ಲವನ್ನೂ ಹೇಳಿದವರ ಮಾತಿನಲ್ಲೇ ಬರೆಯುತ್ತಿದ್ದೇನೆ. ಉಸ್ತಾದ್ ಈಗಿಲ್ಲ. ಅವರ ಮಗ ಅದೇ ಬೇವಿನ ಮರದ ಹತ್ತಿರ ಬ್ಯಾಟರಿ ಅಂಗಡಿ ಇಟ್ಟಿದ್ದಾರೆ. ಅಪ್ಪನ ಕೈಯ ಬೋರ್ ಲೆಕ್ಕ ಬಾಯಿಪಾಠ ಹೇಳಿದರು.

ಗಾಡಿ ಉಳಿಸಿಕೊಳ್ಳುವುದು ಎಂದಾದರೆ ಕಾಗದ ಸರಿಯಾಗಬೇಕು. ಆರ್‌ಸಿ ಇನ್ನೂ ಮುತ್ಯಾನ ಹೆಸರಿನಲ್ಲೇ ಇದೆ. ಮಾಲೀಕ ತೀರಿಕೊಂಡರೆ ಫಾರಂ 31 ತುಂಬಬೇಕು. ವಾರಸುದಾರರೆಲ್ಲ ಒಪ್ಪಿ ಬರೆದುಕೊಡುವುದು ಒಳ್ಳೆಯದು ಎಂದು ವಕೀಲರು ಹೇಳಿದರು. ವಾರಸುದಾರರು ಅಂದರೆ ಅಪ್ಪ, ಕಾಕಾ, ಇಬ್ಬರು ಅತ್ತಿಯರು. ಆ ಗಾಡಿಯ ವಿಷಯದಲ್ಲಿ ಅತ್ತಿಯರ ಅನುಮತಿ ಕೇಳಿದ್ದು ಇದೇ ಮೊದಲು. ಕಾಗದ ಹಿಡಿದು ಔರಾದಕ್ಕೆ ಹೋದೆ. ದೊಡ್ಡ ಅತ್ತಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿಸಿಕೊಂಡಳು. ಪೆನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

"ಸಹಿ ಹಾಕ್ತೀನಿ," ಅಂದಳು. "ಖರೇ ಮದಲ ಅದನ್ನ ಚಾಲೂ ಮಾಡ್ಸು. ಒಂದ್ ಸಲ ಮುಂದ ಕುಂತು ನಾ ಹೊಡೀಬೇಕು. ನೀ ಹಿಂದ ಕುಂಡ್ರು."

ಕಾಗದ ಅಲ್ಲೇ ಬಿಟ್ಟು ಬಂದಿದ್ದೇನೆ. ಗಾಡಿ ಬೇವಿನ ಮರದ ಕೆಳಗಿದೆ. ಸೈಲೆನ್ಸರ್ ಕಾಯಿಸಲು ಕುಳ್ಳು ಎಲ್ಲಿ ಸಿಗುತ್ತವೆ ಎಂದು ಉಸ್ತಾದರ ಮಗ ಕೇಳುತ್ತಿದ್ದಾರೆ.